ಚಿತ್ರದ ಅಂಚಿನಿಂದ ನಡುವಿಗೆ: ಹಬಶಿಗಳು, ಸಿದ್ದಿಗಳು ಮತ್ತು ಧರ್ಮಸಭೆಯ ಸ್ಮರಣೆ

2023ರ ಸೆಪ್ಟೆಂಬರ್ 23ರಂದು ಅಮೆರಿಕದ ವಾಷಿಂಗ್ಟನ್ ರಾಷ್ಟ್ರೀಯ ಪ್ರಧಾನಾಲಯದಲ್ಲಿ ಹೊಸ ವರ್ಣಗಾಜಿನ ಕಿಟಕಿಗಳು ಅನಾವರಣಗೊಂಡವು. ಅದೇ ಜಾಗದಲ್ಲಿ 1953ರಿಂದ 2017ರವರೆಗೆ ರಾಬರ್ಟ್ ಲೀ ಮತ್ತು ಸ್ಟೋನ್‌ವಾಲ್ ಜಾಕ್ಸನ್ ಎಂಬ ಇಬ್ಬರು ಸೇನಾಪತಿಗಳನ್ನು ಸ್ಮರಿಸುವ ಕಿಟಕಿಗಳಿದ್ದವು. ಅಮೆರಿಕದ ಅಂತರ್ಯುದ್ಧದಲ್ಲಿ ದಾಸ್ಯಪದ್ಧತಿಯನ್ನು ಬಿಟ್ಟುಕೊಡಲೊಲ್ಲದ ದಕ್ಷಿಣದ ರಾಜ್ಯಗಳ ಪರವಾಗಿ ಕಾದಾಡಿದ ಈ ಇಬ್ಬರು, ಆ ಗಾಜಿನಲ್ಲಿ ದೈವಭಕ್ತ ವೀರರಾಗಿ ಬೆಳಕು ಪಡೆದಿದ್ದರು. 2015ರಲ್ಲಿ ಚಾರ್ಲ್ಸ್‌ಟನ್ ನಗರದ ಇಮ್ಯಾನುಯೆಲ್ ದೇವಾಲಯದಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಕ್ರೈಸ್ತರನ್ನು ವರ್ಣದ್ವೇಷಿಯೊಬ್ಬನು ಗುಂಡಿಕ್ಕಿ ಕೊಂದನು. ಆ ಬಳಿಕವೇ ಪ್ರಧಾನಾಲಯದವರು ತಮ್ಮ ಕಿಟಕಿಗಳನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. ಎರಡು ವರ್ಷಗಳ ಚರ್ಚೆಯ ನಂತರ ಅವುಗಳನ್ನು ತೆಗೆಯಲಾಯಿತು. ಬದಲಿ ಕಿಟಕಿಗಳ ವಿನ್ಯಾಸವನ್ನು ಒಪ್ಪಿಸಿದ್ದು ಕೆರಿ ಜೇಮ್ಸ್ ಮಾರ್ಷಲ್ ಎಂಬ ಕಲಾವಿದರಿಗೆ. ಅವರು ಪಡೆದ ಸಂಭಾವನೆ 18.65 ಡಾಲರ್, ಅಂತರ್ಯುದ್ಧ ಮುಗಿದು ದಾಸ್ಯ ರದ್ದಾದ 1865ನೆಯ ಇಸವಿಯ ನೆನಪಿಗೆ. ಅವರ ಕಿಟಕಿಗಳಲ್ಲಿ ಸೇನಾಪತಿಗಳಿಲ್ಲ, ಸಂತರೂ ಇಲ್ಲ. ನ್ಯಾಯವನ್ನು ಕೇಳುವ ಫಲಕಗಳನ್ನು ಹಿಡಿದು ನಡೆಯುತ್ತಿರುವ ಸಾಮಾನ್ಯ ಕಪ್ಪು ಜನರಿದ್ದಾರೆ.

ದೂರದ ದೇಶದ ಒಂದು ಎಪಿಸ್ಕೋಪಲ್ ದೇವಾಲಯದ ಈ ಸಂಗತಿ ನಮ್ಮ ಗುರುಮಠಗಳಿಗೆ ಏಕೆ ಮುಖ್ಯವಾಗಬೇಕು? ದೇವಾಲಯದ ಗೋಡೆಯ ಮೇಲೆ ಯಾರ ಮುಖ ಇರಬೇಕೆಂಬ ಪ್ರಶ್ನೆಯು ಅಲಂಕಾರದ ಪ್ರಶ್ನೆಯಲ್ಲ. ಧರ್ಮಸಭೆ ಯಾರನ್ನು ನೆನೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬ ಪ್ರಶ್ನೆ ಅದು. ಕರ್ನಾಟಕಕ್ಕೆ ಆ ಪ್ರಶ್ನೆ ಹೊರಗಿನಿಂದ ಬಂದದ್ದೂ ಅಲ್ಲ. ಆಫ್ರಿಕಾ ಮೂಲದ ಜನ ಈ ನಾಡಿನಲ್ಲಿ ಐದು ಶತಮಾನಗಳಿಗೂ ಹೆಚ್ಚು ಕಾಲದಿಂದ ಇದ್ದಾರೆ. ಅವರಲ್ಲಿ ಕೆಲವರು ರಾಜ್ಯವಾಳಿದರು, ಚಿತ್ರಗಳಲ್ಲಿ ಮೆರೆದರು. ಬಹುಮಂದಿ ಸರಕಿನಂತೆ ಮಾರಾಟವಾದರು, ಚಿತ್ರದ ಅಂಚಿಗೂ ಬರಲಿಲ್ಲ. ಆ ಎರಡನೆಯವರ ಸಂತತಿಯಲ್ಲಿ ಸಾವಿರಾರು ಜನ ಇಂದು ನಮ್ಮೊಡನೆ ಒಂದೇ ಬಲಿಪೀಠದಿಂದ ಪ್ರಸಾದ ಸ್ವೀಕರಿಸುತ್ತಾರೆ. ಈ ಚರಿತ್ರೆಯನ್ನು ಚಿತ್ರಗಳ ಮೂಲಕ ಓದಿ, ಅದರಿಂದ ನಮ್ಮ ಆರಾಧನೆಗೂ ಅಧ್ಯಯನಕ್ಕೂ ಏಳುವ ಪ್ರಶ್ನೆಗಳನ್ನು ಮುಂದಿಡುವುದು ಈ ಲೇಖನದ ಉದ್ದೇಶ.

1. ಇಲ್ಲದ ಮುಖವನ್ನು ಬರೆಯುವುದು

ಮಾರ್ಷಲ್ ಹುಟ್ಟಿದ್ದು 1955ರಲ್ಲಿ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಕೆಲಸ ಮಾಡುತ್ತಿರುವುದು ಶಿಕಾಗೋದಲ್ಲಿ. ಐರೋಪ್ಯ ಚಿತ್ರಕಲೆಯಲ್ಲಿ ಅತ್ಯುನ್ನತ ಪ್ರಕಾರವೆಂದು ಎಣಿಸಲಾಗಿದ್ದ ದೊಡ್ಡ ಅಳತೆಯ ಇತಿಹಾಸ ಚಿತ್ರವನ್ನು ಅವರು ತಮ್ಮದಾಗಿಸಿಕೊಂಡರು. ಅದರ ನಡುವೆ ಕಪ್ಪು ವ್ಯಕ್ತಿಗಳನ್ನು ನಿಲ್ಲಿಸಿದರು. ಅವರ ಬಣ್ಣವೂ ಗಮನಾರ್ಹ. ಕಂದು ಛಾಯೆಗಳಿಂದ ಮೃದುಗೊಳಿಸಿದ ಮೈಬಣ್ಣ ಅವರದಲ್ಲ. ಹಲವು ಬಗೆಯ ಕಪ್ಪು ವರ್ಣದ್ರವ್ಯಗಳನ್ನು ಬಳಸಿ, ಕಪ್ಪನ್ನು ಕಪ್ಪಾಗಿಯೇ ಉಳಿಸಿ, ಅದರೊಳಗೇ ಬೆಳಕು ನೆರಳುಗಳನ್ನು ಮೂಡಿಸುವುದು ಅವರ ರೀತಿ.

ಅವರ ಕೃತಿಗಳಲ್ಲಿ ಇತಿಹಾಸದ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕಾದದ್ದು 2007ರಲ್ಲಿ ಬರೆದ ಸಿಪಿಯೊ ಮೂರ್‌ಹೆಡ್‌ನ ಚಿತ್ರ. ಸಿಪಿಯೊ 18ನೆಯ ಶತಮಾನದ ಬಾಸ್ಟನ್ ನಗರದಲ್ಲಿದ್ದ ಕಪ್ಪು ಕಲಾವಿದ, ದಾಸ. ಅವನ ಒಡೆಯ ಜಾನ್ ಮೂರ್‌ಹೆಡ್ ಪ್ರೆಸ್ಬಿಟೇರಿಯನ್ ಸಭೆಯ ಬೋಧಕ. ದಾಸಿಯಾಗಿದ್ದ ಕವಯಿತ್ರಿ ಫಿಲಿಸ್ ವೀಟ್ಲಿಯ 1773ರ ಕವನ ಸಂಕಲನದ ಮುಖಚಿತ್ರಕ್ಕೆ ಮೂಲವನ್ನು ಬರೆದವನು ಸಿಪಿಯೊ ಎಂದು ನಂಬಲಾಗಿದೆ. ವೀಟ್ಲಿ ತನ್ನ ಒಂದು ಕವಿತೆಯನ್ನು ಅವನಿಗೇ ಅರ್ಪಿಸಿದ್ದಾಳೆ. ಆದರೆ ಅವನ ಸಹಿ ಇರುವ ಒಂದು ಕೃತಿಯೂ ಉಳಿದಿಲ್ಲ, ಅವನ ಮುಖ ಹೇಗಿತ್ತೆಂಬುದಕ್ಕೆ ದಾಖಲೆಯಿಲ್ಲ. ಮಾರ್ಷಲ್ ಅವನನ್ನು ಚಿತ್ರಫಲಕದ ಮುಂದೆ, ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತಿರುವ ಕಲಾವಿದನಾಗಿ ಕಲ್ಪಿಸಿದರು. ಮುಖದ ವಿವರ ಕಲ್ಪನೆಯದು, ಮನುಷ್ಯ ಕಲ್ಪನೆಯವನಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಏಕೆಂದರೆ ನಮ್ಮ ವಾದವೂ ಮುಂದೆ ಇದನ್ನೇ ಆಧರಿಸುತ್ತದೆ.

2. ಕ್ರೈಸ್ತ ಕಲೆಯಲ್ಲಿ ಕಪ್ಪು ವ್ಯಕ್ತಿ

ಕ್ರೈಸ್ತ ಕಲೆ ಕಪ್ಪು ಮುಖವನ್ನು ಅರಿಯದೆ ಇರಲಿಲ್ಲ. ಜರ್ಮನಿಯ ಮಾಗ್ಡೆಬುರ್ಗ್ ಪ್ರಧಾನಾಲಯದಲ್ಲಿ ಸುಮಾರು 1240–1250ರ ಅವಧಿಯ ಸಂತ ಮೌರಿಸರ ಶಿಲ್ಪವಿದೆ. ಥೀಬ್ಸ್‌ನ ಕ್ರೈಸ್ತ ದಳದ ನಾಯಕರಾಗಿದ್ದು ರಕ್ತಸಾಕ್ಷಿಯಾದರೆಂದು ಪರಂಪರೆ ಹೇಳುವ ಈ ಸಂತರನ್ನು ಶಿಲ್ಪಿಯು ಕವಚಧಾರಿಯಾದ ಆಫ್ರಿಕನ್ ಯೋಧನಾಗಿ ಕಡೆದಿದ್ದಾನೆ. ಅದರಲ್ಲಿ ಕೀಳುಗಾಣಿಕೆಯ ಲವಲೇಶವೂ ಇಲ್ಲ. ಹದಿನೈದನೆಯ ಶತಮಾನದಲ್ಲಿ ಮೂವರು ರಾಯರಲ್ಲಿ ಒಬ್ಬನನ್ನು ಕಪ್ಪು ವರ್ಣದವನಾಗಿ ಬರೆಯುವುದು ಯೂರೋಪಿನಲ್ಲಿ ರೂಢಿಯಾಯಿತು. ಡ್ಯೂರರ್ 1504ರಲ್ಲಿ ಬರೆದ ಆರಾಧನೆಯ ಚಿತ್ರದಲ್ಲಿಯೂ ಅವನಿದ್ದಾನೆ. ಸಂತ ಮತ್ತಾಯರ ಶುಭಸಂದೇಶ ಜ್ಯೋತಿಷಿಗಳ ಸಂಖ್ಯೆಯನ್ನಾಗಲಿ ಬಣ್ಣವನ್ನಾಗಲಿ ಹೇಳುವುದಿಲ್ಲ. ಭೂಮಿಯ ಎಲ್ಲ ಜನಾಂಗಗಳೂ ಶಿಶುವಿನ ಮುಂದೆ ಬಾಗುತ್ತವೆ ಎಂಬ ದೈವಶಾಸ್ತ್ರೀಯ ಸತ್ಯವೇ ಆ ಬಣ್ಣಕ್ಕೆ ಕಾರಣ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕ್ರೈಸ್ತ ಮನೆಗಳಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಕಟ್ಟುವ ಗೋದಲಿಯಲ್ಲಿ ಒಂಟೆಯ ಪಕ್ಕ ನಿಲ್ಲುವ ಕಪ್ಪು ರಾಯನ ಗೊಂಬೆ ಈ ರೂಢಿಯ ಕೊನೆಯ ಕೊಂಡಿ.

ಆದರೆ ಇದೇ ಹದಿನೈದನೆಯ ಶತಮಾನದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಜಗದ್ಗುರು ಐದನೆಯ ನಿಕೊಲಾಸ್‌ರವರು 1452 ಮತ್ತು 1455ರ ತಮ್ಮ ಶಾಸನಪತ್ರಗಳಲ್ಲಿ ಕ್ರೈಸ್ತರಲ್ಲದವರನ್ನು ಜಯಿಸಿ ಶಾಶ್ವತ ದಾಸ್ಯಕ್ಕೆ ತಳ್ಳುವ ಅಧಿಕಾರವನ್ನು ಪೋರ್ಚುಗಲ್‌ನ ಅರಸನಿಗೆ ಕೊಟ್ಟರು. ಕಪ್ಪು ರಾಯನು ಬಲಿಪೀಠದ ಮೇಲಿನ ಚಿತ್ರದಲ್ಲಿ ಚಿನ್ನದ ಪಾತ್ರೆ ಹಿಡಿದು ಮಂಡಿಯೂರಿದ್ದ ಕಾಲದಲ್ಲೇ ಅವನ ನಾಡಿನವರನ್ನು ಲಿಸ್ಬನ್‌ನ ಬಂದರಿನಲ್ಲಿ ಚಿನ್ನಕ್ಕೆ ಮಾರಲಾಗುತ್ತಿತ್ತು. ಕಲೆಯಲ್ಲಿ ಕೊಟ್ಟ ಗೌರವ ಬದುಕಿನಲ್ಲಿ ತಾನಾಗಿಯೇ ದೊರಕುವುದಿಲ್ಲ ಎಂಬ ಪಾಠ ಇಲ್ಲಿದೆ. ಮುಂದಿನ ಶತಮಾನಗಳ ಐರೋಪ್ಯ ಚಿತ್ರಗಳಲ್ಲಿ ಕಪ್ಪು ವ್ಯಕ್ತಿ ಹೆಚ್ಚಾಗಿ ಹಣ್ಣಿನ ತಟ್ಟೆ ಹಿಡಿದ ಹುಡುಗನಾಗಿ, ಕುದುರೆಯ ಲಗಾಮು ಹಿಡಿದ ಆಳಾಗಿ ಅಂಚಿಗೆ ಸರಿದನು. ದಾಸರ ಸೇವೆಗೆ ಜೀವ ತೇದ ಸಂತ ಪೀಟರ್ ಕ್ಲೇವರ್‌ರವರ ಭಕ್ತಿಚಿತ್ರಗಳಲ್ಲಿಯೂ ಹೆಸರು ಸಂತರದು ಮಾತ್ರ. ಅವರ ಕಾಲ ಬಳಿಯ ಕಪ್ಪು ಮನುಷ್ಯನಿಗೆ ಹೆಸರಿಲ್ಲ.

3. ಬಿಜಾಪುರದ ಚಿತ್ರಗಳು

ಈಗ ನಮ್ಮ ನಾಡಿಗೆ ಬರೋಣ. ಮಾರ್ಷಲ್‌ರಂಥವರು ಕಲ್ಪನೆಯಿಂದ ತುಂಬಬೇಕಾದ ಖಾಲಿ ಜಾಗವನ್ನು ಹದಿನೇಳನೆಯ ಶತಮಾನದ ಬಿಜಾಪುರದ ಕಲಾವಿದರು ಕಣ್ಣಾರೆ ಕಂಡು ತುಂಬಿದ್ದರು.

ದಖ್ಖನಿನ ಸುಲ್ತಾನರ ಸೈನ್ಯಗಳಲ್ಲಿ ಆಫ್ರಿಕಾದಿಂದ ಬಂದವರಿಗೆ ದೊಡ್ಡ ಸ್ಥಾನವಿತ್ತು. ಅಬಿಸೀನಿಯದ ಅರಬ್ಬೀ ಹೆಸರಿನಿಂದ ಅವರಿಗೆ ಹಬಶಿಗಳೆಂಬ ಹೆಸರು ಬಂತು. ಸಿದ್ದಿ ಎಂಬುದು ನನ್ನ ಒಡೆಯ ಎಂಬರ್ಥದ ಅರಬ್ಬೀ ಗೌರವವಾಚಕದಿಂದ ಬಂದದ್ದೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ದಾಸರಾಗಿ ಬಂದವರು ಶೌರ್ಯದಿಂದ, ಆಡಳಿತದ ಜಾಣ್ಮೆಯಿಂದ ಮೇಲೇರಿ ಜಹಗೀರು ಪಡೆಯುವುದು ಅಲ್ಲಿ ಸಾಧ್ಯವಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಬಾಲಕನಾಗಿದ್ದಾಗ 1580ರ ದಶಕದಲ್ಲಿ ರಾಜ್ಯದ ಸೂತ್ರ ಹಿಡಿದಿದ್ದವನು ದಿಲಾವರ್ ಖಾನ್ ಎಂಬ ಹಬಶಿ. ಇಬ್ರಾಹಿಂ ರೋಜಾದ ನಿರ್ಮಾಣವನ್ನು ನಡೆಸಿದವನೆಂದು ಅಲ್ಲಿನ ಶಾಸನ ಹೆಸರಿಸುವ ಮಲಿಕ್ ಸಂದಲ್‌ನನ್ನೂ ಹಲವು ಇತಿಹಾಸಕಾರರು ಹಬಶಿ ಎಂದೇ ಗುರುತಿಸುತ್ತಾರೆ.

ಇವರೆಲ್ಲರಿಗಿಂತ ಹೆಚ್ಚು ಚಿತ್ರಗಳಲ್ಲಿ ಉಳಿದವನು ಮಲಿಕ್ ರೈಹಾನ್. ರಾಜಕುಮಾರ ಮುಹಮ್ಮದನ ಬಾಲ್ಯದ ಒಡನಾಡಿಯಾಗಿ ಬೆಳೆದು, ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ (1627–1656) ಇಖ್ಲಾಸ್ ಖಾನ್ ಎಂಬ ಬಿರುದು ಪಡೆದು ರಾಜ್ಯದ ಪ್ರಧಾನನಾದನು. ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಇಬ್ಬರು ಕಲಾವಿದರು ಸುಮಾರು 1645ರಲ್ಲಿ ಬರೆದ ಒಂದು ಚಿತ್ರದಲ್ಲಿ ಸುಲ್ತಾನ ಮತ್ತು ಇಖ್ಲಾಸ್ ಖಾನ್ ಇಬ್ಬರೂ ಒಂದೇ ಆನೆಯ ಮೇಲಿದ್ದಾರೆ. ಆ ಚಿತ್ರ ಇಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ಸ್ಯಾನ್ ಡಿಯಾಗೊ ಕಲಾ ಸಂಗ್ರಹಾಲಯದಲ್ಲಿ ಅವನು ಕೈಯಲ್ಲಿ ಅರ್ಜಿ ಹಿಡಿದು ನಿಂತಿರುವ ಇನ್ನೊಂದು ಚಿತ್ರವಿದೆ. ಇವುಗಳಲ್ಲಿ ಕಲಾವಿದನು ಅವನ ಮೈಬಣ್ಣವನ್ನು ತಿಳಿಗೊಳಿಸಿಲ್ಲ, ಮುಖಲಕ್ಷಣವನ್ನು ಹಾಸ್ಯಕ್ಕೆ ಒಡ್ಡಿಲ್ಲ. ಭಾರವಾದ ನಿಲುವು, ಜರತಾರಿಯ ಉಡುಗೆ, ಅಧಿಕಾರದ ಗಾಂಭೀರ್ಯ, ಎಲ್ಲವೂ ಒಬ್ಬ ನಿರ್ದಿಷ್ಟ ಮನುಷ್ಯನವು. ಗೋಲಗುಮ್ಮಟವನ್ನು ನೋಡಲು ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಕಟ್ಟಿಸಿದ ಸುಲ್ತಾನನ ಹೆಸರು ಗೊತ್ತು. ಅವನ ರಾಜ್ಯವನ್ನು ನಡೆಸಿದ ಆಫ್ರಿಕನ್ ಪ್ರಧಾನನ ಹೆಸರು ಅಷ್ಟಾಗಿ ಗೊತ್ತಿಲ್ಲ.

ಚಿತ್ರವು ಗೌರವಿಸುವಂತೆ ಹಿಂಸಿಸಲೂ ಬಲ್ಲದು. ಅಹ್ಮದ್‌ನಗರದ ರಾಜ್ಯವನ್ನು ಕಾಪಾಡಿದ ಮಲಿಕ್ ಅಂಬರ್ (1548–1626) ಇಥಿಯೋಪಿಯದಲ್ಲಿ ಹುಟ್ಟಿ, ದಾಸನಾಗಿ ಕೈಯಿಂದ ಕೈಗೆ ಮಾರಾಟವಾಗಿ, ದಖ್ಖನಿಗೆ ಬಂದವನು. ಮೊಗಲ್ ಸೈನ್ಯಗಳು ಅವನನ್ನು ಕೊನೆಯವರೆಗೂ ಅಡಗಿಸಲಾಗಲಿಲ್ಲ. ರಣರಂಗದಲ್ಲಿ ಆಗದ್ದನ್ನು ಜಹಾಂಗೀರನು ಕಾಗದದ ಮೇಲೆ ಮಾಡಿಸಿದನು. ಅವನ ಆಸ್ಥಾನದ ಅಬುಲ್ ಹಸನ್ ಬರೆದ ಚಿತ್ರದಲ್ಲಿ ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾದಶಹನು ಬಾಣ ಬಿಡುತ್ತಿದ್ದಾನೆ. ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಆ ಚಿತ್ರವನ್ನು ಬರೆದಾಗ ಅಂಬರ್ ಜೀವಂತವಾಗಿದ್ದನು.

ಹೀಗೆ ಒಂದೇ ಕಾಲದಲ್ಲಿ ಒಬ್ಬ ಹಬಶಿ ಆನೆಯ ಮೇಲೆ, ಇನ್ನೊಬ್ಬ ಈಟಿಯ ಮೇಲೆ. ಆದರೆ ಎರಡಕ್ಕೂ ಸಮಾನವಾದ ಒಂದು ನಿಯಮವಿದೆ: ಆಸ್ಥಾನದ ಚಿತ್ರಶಾಲೆ ಬಲವುಳ್ಳವರನ್ನು ಮಾತ್ರ ಬರೆಯುತ್ತದೆ, ಪ್ರೀತಿಯಿಂದಾಗಲಿ ದ್ವೇಷದಿಂದಾಗಲಿ. ಇಖ್ಲಾಸ್ ಖಾನನ ಚಿತ್ರವನ್ನು ನೋಡಿ ನಾವು ಹೆಮ್ಮೆಪಡಬಹುದು. ಆದರೆ ಅವನಂತೆಯೇ ಹಡಗು ಹತ್ತಿ ಬಂದು, ಅವನಂತೆ ಮೇಲೇರದ ಲೆಕ್ಕವಿಲ್ಲದ ಗಂಡಸರು, ಹೆಂಗಸರು, ಮಕ್ಕಳು ಯಾವ ಚಿತ್ರಶಾಲೆಯ ಕಣ್ಣಿಗೂ ಬೀಳಲಿಲ್ಲ. ಶುಭಸಂದೇಶದ ದೃಷ್ಟಿಯಲ್ಲಿ ನಿಜವಾದ ಪ್ರಶ್ನೆ ಏಳುವುದು ಅವರ ವಿಷಯದಲ್ಲಿ.

4. ಗೋವೆಯ ಬೀದಿ, ಘಟ್ಟದ ಕಾಡು

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಮೊಜಾಂಬಿಕ್ ಮೊದಲಾದ ಕಡೆಗಳಿಂದ ಆಫ್ರಿಕನ್ ದಾಸರು ಅಲ್ಲಿಗೆ ಹಡಗುಗಳಲ್ಲಿ ಬಂದರು. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚನಾದ ಲಿನ್‌ಸ್ಕೋಟೆನ್, ನಗರದ ಮುಖ್ಯ ಬೀದಿಯಲ್ಲಿ ಇತರ ಸರಕುಗಳ ಜೊತೆಯಲ್ಲೇ ದಾಸದಾಸಿಯರ ಹರಾಜು ನಡೆಯುತ್ತಿದ್ದುದನ್ನು ವರ್ಣಿಸಿದ್ದಾನೆ. ಅವನು ಅಲ್ಲಿ ಇದ್ದುದು ಯಾರ ಸೇವೆಯಲ್ಲಿ? ಗೋವೆಯ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿ. 1596ರಲ್ಲಿ ಅಚ್ಚಾದ ಅವನ ಪುಸ್ತಕದ ಚಿತ್ರಗಳಲ್ಲಿ ಪೋರ್ಚುಗೀಸ್ ಶ್ರೀಮಂತರಿಗೆ ಕೊಡೆ ಹಿಡಿದು, ಪಲ್ಲಕ್ಕಿ ಹೊತ್ತು ನಡೆಯುವ ಆಳುಗಳು ಕಾಣುತ್ತಾರೆ. ನಮ್ಮ ಕರಾವಳಿಯ ದಾಸರಿಗೆ ಚಿತ್ರದಲ್ಲಿ ಸಿಕ್ಕ ಜಾಗ ಅಷ್ಟು.

ಗೋವೆಯ ಧಾರ್ಮಿಕ ಮಠಗಳಲ್ಲಿಯೂ ದಾಸರಿದ್ದರು ಎಂಬುದನ್ನು ಮರೆಮಾಚುವಂತಿಲ್ಲ. ಅವರಿಗೆ ದೀಕ್ಷಾಸ್ನಾನ ಕೊಡಲಾಯಿತು, ಪೋರ್ಚುಗೀಸ್ ಹೆಸರುಗಳನ್ನು ಇಡಲಾಯಿತು. ಕ್ರಿಸ್ತರಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಸಾರುವ ಸಂತ ಪೌಲರ ಬೋಧನೆಯನ್ನು ಓದುವ ಧರ್ಮಸಭೆಯಲ್ಲಿ ದೀಕ್ಷಾಸ್ನಾನವು ಹೆಸರನ್ನು ಬದಲಿಸಿತು, ಸ್ಥಿತಿಯನ್ನು ಬದಲಿಸಲಿಲ್ಲ. ಜಗದ್ಗುರು ಮೂರನೆಯ ಪೌಲ್‌ರವರು 1537ರಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ದಾಸರನ್ನಾಗಿಸುವುದನ್ನು ನಿಷೇಧಿಸಿದರು. ಆದರೆ ಕಪ್ಪು ಜನರ ಮಾರಾಟವನ್ನು ಹೆಸರಿಸಿ ಖಂಡಿಸುವ ಜಗದ್ಗುರು ಹದಿನಾರನೆಯ ಗ್ರೆಗೊರಿಯವರ ಪತ್ರ ಹೊರಬಂದದ್ದು 1839ರಲ್ಲಿ. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ದಾಸವ್ಯಾಪಾರವನ್ನು 1836ರಲ್ಲಿ ನಿಷೇಧಿಸಿ, ದಾಸ್ಯದ ಸ್ಥಿತಿಯನ್ನು 1869ರಲ್ಲಿ ರದ್ದುಪಡಿಸಿತು.

ಅಷ್ಟರಲ್ಲಿ ಅನೇಕರು ಕಾಯದೆಗಾಗಿ ಕಾಯದೆ ಓಡಿಹೋಗಿದ್ದರು. ಗೋವೆಯಿಂದ ಪೂರ್ವಕ್ಕೆ ಘಟ್ಟ ಹತ್ತಿದರೆ ದಟ್ಟ ಕಾಡು. ಹಿಡಿಯಲು ಬರುವವರ ಕೈಗೆ ಸಿಗದ ಜಾಗ. ಇಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿಯೂ ಪಕ್ಕದ ಬೆಳಗಾವಿ, ಧಾರವಾಡ ಜಿಲ್ಲೆಗಳ ಕಾಡಂಚಿನಲ್ಲಿಯೂ ನೆಲೆಸಿರುವ ಸಿದ್ದಿಗಳಲ್ಲಿ ಬಹುಮಂದಿಯ ಪೂರ್ವಿಕರು ಹೀಗೆ ಬಂದವರು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕಥೋಲಿಕ ಕ್ರೈಸ್ತರು ಮೂವರೂ ಇದ್ದಾರೆ. ಕ್ರೈಸ್ತ ಸಿದ್ದಿಗಳ ಮನೆಮಾತು ಕೊಂಕಣಿ, ಹೊರಗಿನ ಮಾತು ಕನ್ನಡ. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯದ ಭಕ್ತಜನರಲ್ಲಿ ಅವರೂ ಸೇರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಜನಾಂಗದಿಂದ ಕರ್ನಾಟಕದ ಶಾಸನಸಭೆಗೆ ಬಂದ ಮೊದಲಿಗರಾದರು.

ಓಡಿಹೋಗುವುದನ್ನು ಬೈಬಲ್ಲಿನ ಭಾಷೆಯಲ್ಲಿ ವಿಮೋಚನಾ ಪಯಣವೆಂದು ಕರೆಯಬೇಕು. ಆದರೆ ಈ ವಿಮೋಚನೆಯಲ್ಲಿ ಫರೋಹನ ಸ್ಥಾನದಲ್ಲಿ ಯಾರಿದ್ದರು ಎಂದು ಕೇಳಿಕೊಂಡರೆ ಉತ್ತರ ನಮಗೆ ಹಿತವಾಗಿರುವುದಿಲ್ಲ. ದಾಸರನ್ನು ಕೊಂಡವರು ಕ್ರೈಸ್ತರು; ಓಡಿಹೋದವರಲ್ಲಿಯೂ ಎಷ್ಟೋ ಮಂದಿ ಕ್ರೈಸ್ತರು. ಒಡೆಯರನ್ನು ತೊರೆದವರು ಒಡೆಯರ ಶಿಲುಬೆಯನ್ನು ತೊರೆಯಲಿಲ್ಲ. ಅದು ತಮ್ಮ ಶಿಲುಬೆಯೇ ಎಂದು ಅವರು ಕಂಡುಕೊಂಡಿದ್ದರೆಂದು ನಾವು ತಿಳಿಯಬಹುದು. ಕರ್ನಾಟಕದ ಧರ್ಮಸಭೆಯ ಚರಿತ್ರೆಯಲ್ಲಿ ಮಿಷನರಿಗಳ ಆಗಮನಕ್ಕೆ ಮೀಸಲಾದ ಪುಟಗಳ ಪಕ್ಕದಲ್ಲಿ ಈ ಪುಟವೂ ಇರಬೇಕು.

5. ಸೂಜಿಯಿಂದ ಬರೆದದ್ದು

ಸಿದ್ದಿಗಳನ್ನು ಬೇರೆಯವರು ಚಿತ್ರಿಸಲಿಲ್ಲ ಎಂದ ಮಾತ್ರಕ್ಕೆ ಅವರಿಗೆ ಚಿತ್ರವಿದ್ಯೆ ಇಲ್ಲವೆಂದಲ್ಲ. ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿದವರಿಗೆ ಇದು ತಿಳಿದಿದೆ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಒಂದರ ಮೇಲೊಂದು ಹಚ್ಚಿ, ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಗೆಯ ಸಾಲು ಹಾಕುತ್ತಾ ಹೋಗುತ್ತಾರೆ. ಕ್ರೈಸ್ತ ಹೆಂಗಸರ ಕೌದಿಗಳಲ್ಲಿ ಶಿಲುಬೆ ಕಾಣುತ್ತದೆ, ಮುಸ್ಲಿಂ ಹೆಂಗಸರ ಕೌದಿಗಳಲ್ಲಿ ಅರ್ಧಚಂದ್ರ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಪದರಗಳಿಂದ ಮಾಡಿದ ಹೂವು, ಅವರ ಮಾತಿನಲ್ಲಿ ಫುಲಾ, ಇರಲೇಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂದು ಅವರು ಭಾವಿಸುತ್ತಾರೆ. ಆಫ್ರಿಕನ್ ಕಲೆಯ ವಿದ್ವಾಂಸ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದ್ದಾರೆ.

ಕೌದಿಯಲ್ಲಿ ಮನುಷ್ಯರ ಮುಖಗಳಿಲ್ಲ. ಆದರೂ ಅದು ಚರಿತ್ರೆಯ ದಾಖಲೆಯೇ. ತೀರಿಕೊಂಡ ಅಜ್ಜಿಯ ಸೀರೆಯ ತುಂಡು ಹುಟ್ಟಿದ ಮಗುವಿನ ಹೊದಿಕೆಯಲ್ಲಿ ಸೇರಬಹುದು. ಹರಿದದ್ದನ್ನು ಎಸೆಯದೆ ಕೂಡಿಸುವುದು, ಸತ್ತವರ ಬಟ್ಟೆಯಿಂದ ಬದುಕಿರುವವರನ್ನು ಬೆಚ್ಚಗಿಡುವುದು ಸ್ಮರಣೆಯ ಒಂದು ರೂಪ. ಬಲಿಪೂಜೆಯ ಸ್ಮರಣೆಯನ್ನು ಕುರಿತು ತರಗತಿಯಲ್ಲಿ ಬೋಧಿಸುವಾಗ ಗ್ರೀಕ್ ಪದವೊಂದನ್ನು ಹಲಗೆಯ ಮೇಲೆ ಬರೆಯುವ ನಾವು ಈ ಹೊಲಿಗೆಯನ್ನೂ ಉದಾಹರಣೆಯಾಗಿ ತೋರಿಸಬಹುದು.

6. ರುಬ್ಬುಗುಂಡಿನ ತಾಯಿ

ಕರ್ನಾಟಕದ ಕ್ರೈಸ್ತರ ಕಣ್ಣು ಪಳಗಿದ್ದು ಹೆಚ್ಚಾಗಿ ಐರೋಪ್ಯ ಚಿತ್ರಗಳಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899–1901ರ ಅವಧಿಯಲ್ಲಿ ಬರೆದ ಚಿತ್ರಗಳ ಸೌಂದರ್ಯವನ್ನು ಯಾರೂ ಅಲ್ಲಗಳೆಯರು. ಆದರೆ ಅಂಥ ಚಿತ್ರಗಳೇ ಪವಿತ್ರತೆಯ ಏಕಮಾತ್ರ ರೂಪವೆಂಬ ಭಾವನೆ ಬೇರೂರಿದಾಗ ತೊಡಕು ಹುಟ್ಟುತ್ತದೆ. ಗೋವೆಯ ಆಂಜೆಲೊ ದ ಫೊನ್ಸೆಕಾ (1902–1967) ಮಾತೆ ಮರಿಯಮ್ಮನವರನ್ನು ಸೀರೆಯುಟ್ಟ ಕಂದುಬಣ್ಣದ ತಾಯಿಯಾಗಿ ಬರೆದಾಗ ತಮ್ಮವರಿಂದಲೇ ವಿರೋಧ ಎದುರಿಸಿ ಊರು ಬಿಡಬೇಕಾಯಿತು. ಧರ್ಮಸಭೆ ಯಾವ ಒಂದು ಶೈಲಿಯನ್ನೂ ತನ್ನದೆಂದು ಮೀಸಲಿಟ್ಟಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯ ಸಂವಿಧಾನದಲ್ಲಿ ಸ್ಪಷ್ಟಪಡಿಸಿದ್ದು 1963ರಲ್ಲಿ.

ಆ ಮಹಾಸಭೆಯ ನಂತರದ ಹುರುಪಿನಲ್ಲಿ ಬೆಂಗಳೂರು ಭಾರತೀಯ ಕ್ರೈಸ್ತ ಕಲೆಯ ಒಂದು ಕೇಂದ್ರವಾಯಿತು. ಫಾದರ್ ಅಮಲೋರ್‌ಪವದಾಸ್‌ರವರು 1967ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾವಿಧಿ ಕೇಂದ್ರ ಅದಕ್ಕೆ ನೆಲೆಯಾಯಿತು. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ನಗರದ ಉತ್ತರಕ್ಕಿರುವ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರು ಈ ಕಲೆಯ ಹಿರಿಯರು. ಆರಂಭದ ವರ್ಷಗಳ ಭಾರತೀಕರಣದ ಕಲೆ ಕಮಲ, ಮಂಡಲ, ಯೋಗಾಸನಗಳಂಥ ಶಿಷ್ಟ ಪರಂಪರೆಯ ಸಂಕೇತಗಳನ್ನು ಹೆಚ್ಚು ನೆಚ್ಚಿತ್ತು. 1980ರ ದಶಕದ ಆರಂಭದಲ್ಲಿ ಇದೇ ನಗರದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್‌ರವರು ದಲಿತ ದೈವಶಾಸ್ತ್ರದ ಮಾತು ತೆಗೆದ ಮೇಲೆ, ಭಾರತೀಯವೆಂದರೆ ಯಾವ ಭಾರತ ಎಂಬ ಪ್ರಶ್ನೆಯನ್ನು ಕಲಾವಿದರೂ ಎದುರಿಸಬೇಕಾಯಿತು. ಸಾಹಿಯವರ ದಲಿತ ಮಾತೆಯ ಚಿತ್ರ ಆ ಪ್ರಶ್ನೆಗೆ ಕೊಟ್ಟ ಒಂದು ಉತ್ತರ. ಇಂದು ಬ್ರಿಟನ್ನಿನ ಮೆಥಡಿಸ್ಟ್ಸಭೆಯ ಆಧುನಿಕ ಕಲಾಸಂಗ್ರಹದಲ್ಲಿರುವ ಅದರಲ್ಲಿ, ತಾಯಿ ಮತ್ತು ಶಿಶುವಿನ ಸಂಬಂಧಕ್ಕೆ ಒರಳು ಮತ್ತು ರುಬ್ಬುಗುಂಡು ರೂಪಕವಾಗಿವೆ. ಕಲ್ಲಿನ ಕುಳಿಯಲ್ಲಿ ಗುಂಡು ಕೂತಂತೆ ಮಗು ತಾಯಿಯ ಮಡಿಲಲ್ಲಿ ಕೂತಿದೆ. ಪ್ರಭಾವಳಿಯ ಚಿನ್ನದ ಜಾಗವನ್ನು ಇಲ್ಲಿ ಅಡುಗೆಮನೆಯ ಕಪ್ಪು ಕಲ್ಲು ಪಡೆದಿದೆ.

7. ಎರಡು ಬೇರೆ ಕಾರ್ಯಗಳು

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಗುರುವಿದ್ಯಾರ್ಥಿಗಳೂ ಭಕ್ತಜನರೂ ಪ್ರಾಮಾಣಿಕವಾಗಿ ಕೇಳುವ ಪ್ರಶ್ನೆ ಇದು: ಯೇಸು ಒಂದನೆಯ ಶತಮಾನದ ಯೆಹೂದ್ಯರು. ಅವರನ್ನು ಆಫ್ರಿಕನ್ನರಾಗಿ, ದಲಿತರಾಗಿ, ಸಿದ್ದಿಯಾಗಿ ಬರೆಯುವುದು ಚರಿತ್ರೆಗೆ ಅಪಚಾರವಲ್ಲವೇ?

ಈ ಪ್ರಶ್ನೆಯೊಳಗೆ ಎರಡು ಬೇರೆ ಕಾರ್ಯಗಳು ಬೆರೆತುಹೋಗಿವೆ. ಮೊದಲನೆಯದು ಚರಿತ್ರೆಯಲ್ಲಿ ನಿಜವಾಗಿ ಇದ್ದು, ಚಿತ್ರದಿಂದ ಅಳಿಸಿಹೋದವರನ್ನು ಮತ್ತೆ ಚಿತ್ರಕ್ಕೆ ತರುವುದು. ಸಿಪಿಯೊ ಇದ್ದನು, ಗೋವೆಯ ಬೀದಿಯಲ್ಲಿ ಮಾರಾಟವಾದ ಹೆಣ್ಣುಮಗಳು ಇದ್ದಳು, ಗಾಜಾಕ್ಕೆ ಇಳಿಯುವ ದಾರಿಯಲ್ಲಿ ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆದ ಇಥಿಯೋಪಿಯದ ಕಂಚುಕಿಯೂ ಇದ್ದನು (ಪ್ರೇಷಿತರ ಕಾರ್ಯಕಲಾಪಗಳು 8:26–40). ಇವರನ್ನು ಕಪ್ಪಾಗಿ ಬರೆಯುವುದು ಕಲಾವಿದನ ಸ್ವಾತಂತ್ರ್ಯವಲ್ಲ, ಸತ್ಯದ ಋಣ. ಬರೆಯದಿರುವುದೇ ಚರಿತ್ರೆಗೆ ಅಪಚಾರ. ಎರಡನೆಯದು ಕ್ರಿಸ್ತರಿಗೆ ಒಂದು ಜನಾಂಗದ ಮುಖ ಕೊಡುವುದು. ಇದು ಚರಿತ್ರೆಯ ಹೇಳಿಕೆಯಲ್ಲ, ವಿಶ್ವಾಸದ ಹೇಳಿಕೆ. ಹಸಿದವರಲ್ಲಿ, ಸೆರೆಯಲ್ಲಿರುವವರಲ್ಲಿ ತಾವೇ ಇರುವುದಾಗಿ ಪ್ರಭು ಹೇಳಿದ್ದಾರೆ (ಮತ್ತಾಯ 25). ಆ ಮಾತನ್ನು ಬಣ್ಣದಲ್ಲಿ ಹೇಳುವ ಹಕ್ಕು ಧರ್ಮಸಭೆಗಿದೆ. ಪ್ರತಿಮೆಗೆ ಸಲ್ಲಿಸುವ ಗೌರವ ಮೂಲವ್ಯಕ್ತಿಗೆ ಸಲ್ಲುತ್ತದೆಂದು 787ರ ಎರಡನೆಯ ನಿಸೇಯ ಮಹಾಸಭೆ ಬೋಧಿಸಿತು. ಪ್ರತಿಮೆಯ ಬಣ್ಣವು ಮೂಲದ ಛಾಯಾಚಿತ್ರವಾಗಬೇಕೆಂದು ಅದು ಕೇಳಲಿಲ್ಲ.

ಮೊದಲನೆಯದು ಕರ್ತವ್ಯ, ಎರಡನೆಯದು ಸ್ವಾತಂತ್ರ್ಯ. ಇವನ್ನು ಬೆರೆಸಿದರೆ ಎರಡೂ ಕೆಡುತ್ತವೆ. ಹಬಶಿಗಳ, ಸಿದ್ದಿಗಳ ಚರಿತ್ರೆ ಯಾರೋ ಇಷ್ಟಪಟ್ಟರೆ ಸೇರಿಸಬಹುದಾದ ಅಲಂಕಾರವಾಗಿಬಿಡುತ್ತದೆ; ಕ್ರಿಸ್ತರ ಯೆಹೂದ್ಯ ದೇಹವು ಬೇಕಾದಂತೆ ಬದಲಿಸಬಹುದಾದ ವೇಷವಾಗಿಬಿಡುತ್ತದೆ. ಹೊಂಬಣ್ಣದ ಕೂದಲಿನ ಕ್ರಿಸ್ತರ ಚಿತ್ರವನ್ನು ರೂಢಿಗೆ ತಂದವರು ಮೊದಲು ಅಳಿಸಿದ್ದು ಆ ಯೆಹೂದ್ಯ ಮುಖವನ್ನೇ. ಕಪ್ಪು ಮುಖಗಳಿಗೆ ನ್ಯಾಯ ಕೇಳುವವರು ಅದಕ್ಕೂ ನ್ಯಾಯ ಕೇಳಬೇಕಾಗುತ್ತದೆ.

ಪರಮಗೀತೆಯ ಮೊದಲ ಅಧ್ಯಾಯದಲ್ಲಿ ವಧು ತನ್ನ ಕಪ್ಪನ್ನೂ ಚೆಲುವನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಾಳೆ. ಹೀಬ್ರೂ ಮೂಲದಲ್ಲಿ ಆ ಎರಡನ್ನು ಬೆಸೆಯುವ ಅವ್ಯಯಕ್ಕೆ ‘ಮತ್ತು’ ಎಂದೂ ‘ಆದರೆ’ ಎಂದೂ ಅರ್ಥ ಮಾಡಬಹುದು. ಗ್ರೀಕ್ ಅನುವಾದ ‘ಮತ್ತು’ವನ್ನು ಆರಿಸಿತು, ಪಶ್ಚಿಮದ ಧರ್ಮಸಭೆ ಶತಮಾನಗಳ ಕಾಲ ಓದಿದ ಲತೀನ್ ಅನುವಾದ ‘ಆದರೆ’ಯನ್ನು ಆರಿಸಿತು. ಕಪ್ಪಾಗಿದ್ದೂ ಚೆಲುವೆ ಎಂಬುದಕ್ಕೂ ಕಪ್ಪು ಮತ್ತು ಚೆಲುವೆ ಎಂಬುದಕ್ಕೂ ನಡುವೆ ಇರುವ ಅಂತರವನ್ನು, ಹೆಣ್ಣು ನೋಡಲು ಹೋಗುವಾಗ ಬಣ್ಣ ವಿಚಾರಿಸುವ ನಮ್ಮ ಕ್ರೈಸ್ತ ಕುಟುಂಬಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಾರ್ಷಲ್ ಕಪ್ಪನ್ನು ತಿಳಿಗೊಳಿಸದೆ ಬಳಸುವುದೂ ಬಿಜಾಪುರದ ಕಲಾವಿದ ಇಖ್ಲಾಸ್ ಖಾನನ ಬಣ್ಣವನ್ನು ತಿದ್ದದೆ ಬಿಟ್ಟದ್ದೂ ಆ ‘ಮತ್ತು’ವಿನ ಪಕ್ಷದಲ್ಲಿ ನಿಲ್ಲುತ್ತವೆ.

8. ನಮ್ಮ ಮುಂದಿರುವ ಕೆಲಸ

ಇದು ಕಲಾಚರಿತ್ರೆಯ ಚರ್ಚೆ ಮಾತ್ರವಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ರಸ್ತೆಯ ಪ್ರದೇಶದಲ್ಲಿ, ತನಗೆ ಸಂಬಂಧವೇ ಇಲ್ಲದ ಅಪಘಾತವೊಂದರ ಸಿಟ್ಟಿಗೆ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳು ಗುಂಪಿನ ಹಲ್ಲೆಗೆ ತುತ್ತಾದಳು. ಅಪಘಾತ ಮಾಡಿದವನು ಸುಡಾನಿನವನು. ಇವಳ ತಪ್ಪೆಂದರೆ ಅವನಂತೆಯೇ ಕಪ್ಪಾಗಿದ್ದುದು. ಒಬ್ಬರ ಮುಖವನ್ನು ಇನ್ನೊಬ್ಬರ ಮುಖದಿಂದ ಬೇರ್ಪಡಿಸಿ ನೋಡಲಾರದ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಬಿ.ಟಿ.ಎಂ. ಲೇಔಟ್‌ನಿಂದ ಜೆ.ಪಿ. ನಗರದವರೆಗಿನ ಧರ್ಮಕೇಂದ್ರಗಳ ಪೂಜೆಗಳಿಗೆ ಆಫ್ರಿಕಾದ ವಿದ್ಯಾರ್ಥಿಗಳು ಬಂದಾಗ ಅವರ ಪಕ್ಕದ ಜಾಗ ಖಾಲಿ ಉಳಿಯುತ್ತದೆಯೇ, ಸಮಾಧಾನದ ಕೈ ಅವರತ್ತ ಚಾಚುತ್ತದೆಯೇ ಎಂಬುದನ್ನು ಪ್ರತಿ ಧರ್ಮಕೇಂದ್ರದ ಗುರುವೂ ಗಮನಿಸಬಹುದು.

ಜಗದ್ಗುರು ಎರಡನೆಯ ಜಾನ್ ಪೌಲ್‌ರವರು 1992ರ ಫೆಬ್ರವರಿ 22ರಂದು ಸೆನೆಗಲ್‌ನ ಗೋರೆ ದ್ವೀಪದಲ್ಲಿ, ದಾಸರನ್ನು ಹಡಗು ಹತ್ತಿಸುತ್ತಿದ್ದ ಮನೆಯ ಮುಂದೆ ನಿಂತು, ಕ್ರೈಸ್ತರ ಪಾಪಕ್ಕಾಗಿ ಕ್ಷಮೆ ಯಾಚಿಸಿದರು. ದಾಸಿಯಾಗಿದ್ದ ಸುಡಾನಿನ ಜೋಸೆಫಿನ್ ಬಖಿತಾರವರನ್ನು 2000ದಲ್ಲಿ ಸಂತ ಪದವಿಗೇರಿಸಿದರು. ಹದಿನೈದನೆಯ ಶತಮಾನದ ಆ ಶಾಸನಪತ್ರಗಳನ್ನು ಆಧಾರ ಮಾಡಿಕೊಂಡ ಸಿದ್ಧಾಂತವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ಅಧಿಕೃತವಾಗಿ ನಿರಾಕರಿಸಿತು. ವಿಶ್ವಮಟ್ಟದಲ್ಲಿ ಆಡಿದ ಈ ಮಾತುಗಳಿಗೆ ಸ್ಥಳೀಯ ರೂಪ ಕೊಡುವುದು ನಮ್ಮ ಹೊಣೆ.

ಅದಕ್ಕಾಗಿ ಒಂದು ಚಿತ್ರವನ್ನು ಬರೆಸುವ ಮುನ್ನ ಅಥವಾ ಗೋಡೆಗೆ ಏರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಚಿತ್ರದಲ್ಲಿರುವ ಕಪ್ಪು ವ್ಯಕ್ತಿಗೆ ಹೆಸರಿದೆಯೇ? ಅವರು ಎಲ್ಲಿ ನಿಂತಿದ್ದಾರೆ, ನಡುವೆಯೋ, ಕೊಡೆ ಹಿಡಿದು ಅಂಚಿನಲ್ಲೋ? ಚಿತ್ರ ಯಾರ ಕೈಯದು? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಮಾರಂಭಗಳಿಗೆ ಸಿದ್ದಿಗಳನ್ನು ಡಮಾಮಿ ಬಾರಿಸಿ ಕುಣಿಯಲು ಕರೆಸಿ, ಕುಣಿತ ಮುಗಿದ ಮೇಲೆ ಮರೆಯುವುದು ಗೌರವವಲ್ಲ. ಬಲಿಪೀಠದ ಮುಂದಿನ ಹೊದಿಕೆಯನ್ನು ಮುಂಡಗೋಡದ ಅಥವಾ ಹಳಿಯಾಳದ ಸಿದ್ದಿ ಹೆಂಗಸರಿಂದ, ಅವರು ಕೇಳಿದ ಬೆಲೆಗೆ, ಅವರಿಗೆ ತೋಚಿದ ವಿನ್ಯಾಸದಲ್ಲಿ ಹೊಲಿಸಿದರೆ ಅದು ಗೌರವವಾದೀತು.

ಗುರುಮಠಗಳ ಮಟ್ಟದಲ್ಲಿ ಮಾಡಬಹುದಾದದ್ದು ಇನ್ನೂ ಸರಳ. ಭಾರತದ ಧರ್ಮಸಭೆಯ ಚರಿತ್ರೆಯ ಪಠ್ಯದಲ್ಲಿ ಗೋವೆಯ ದಾಸ್ಯಕ್ಕೂ ಸಿದ್ದಿ ಕ್ರೈಸ್ತರಿಗೂ ಒಂದು ಪಾಠವನ್ನು ಮೀಸಲಿಡಬೇಕು. ಧರ್ಮಸೇವೆಯ ತರಬೇತಿಗೆ ಹೋಗುವ ಬ್ರದರ್‌ಗಳಲ್ಲಿ ಕೆಲವರನ್ನಾದರೂ ಕಾರವಾರ ಧರ್ಮಪ್ರಾಂತ್ಯದ ಸಿದ್ದಿ ಹಳ್ಳಿಗಳಿಗೆ ಕಳುಹಿಸಬೇಕು, ಕಲಿಸುವುದಕ್ಕಿಂತ ಕೇಳುವುದಕ್ಕಾಗಿ. ಹಿರಿಯರ ಬಾಯಿಂದ ಕುಟುಂಬದ ಕಥೆಗಳನ್ನು, ಹಾಡುಗಳನ್ನು, ಪ್ರಾರ್ಥನೆಗಳನ್ನು ಅವರ ಒಪ್ಪಿಗೆಯೊಂದಿಗೆ ದಾಖಲಿಸುವ ಕೆಲಸವನ್ನು ಪದವಿ ಪ್ರಬಂಧಗಳ ವಿಷಯವನ್ನಾಗಿಸಬಹುದು. ಹಳೆಯ ದೀಕ್ಷಾಸ್ನಾನದ ದಫ್ತರುಗಳಿರುವ ಧರ್ಮಕೇಂದ್ರಗಳ ಗುರುಗಳು ಅವುಗಳನ್ನು ಗೆದ್ದಲು ಹಿಡಿಯುವ ಮುನ್ನ ತೆರೆದು ನೋಡಬೇಕು. ಮುಖ ಸಿಗದ ಎಷ್ಟೋ ಮಂದಿಯ ಹೆಸರಾದರೂ ಅಲ್ಲಿ ಸಿಕ್ಕೀತು. ಬರುವ ಮೂರು ರಾಯರ ಹಬ್ಬದ ಪ್ರಬೋಧನೆಯಲ್ಲಿ ಗೋದಲಿಯ ಕಪ್ಪು ರಾಯನನ್ನು ತೋರಿಸಿ, ಅವನ ನಾಡಿನವರು ನಮ್ಮ ಘಟ್ಟದ ಮೇಲೆ ಕ್ರೈಸ್ತರಾಗಿ ಬಾಳುತ್ತಿದ್ದಾರೆ ಎಂದು ಜನರಿಗೆ ಹೇಳುವುದರಿಂದ ಈ ಕೆಲಸವನ್ನು ಆರಂಭಿಸಬಹುದು.